ಗ್ರೀನ್ ಕೆಲಸಕ್ಕೆ ಏನ್ ಓದ್ಬೇಕು? ಸಿರ್ಸಿ ಫಾರೆಸ್ಟ್ರಿಯಿಂದ ಸೂರ್ಯಮಿತ್ರದ ತನಕ, ನಾನು ಕಂಡ ಹಾಗೆ

ಮೊನ್ನೆ ಭಾನುವಾರ ಅಕ್ಕನ ಮನೇಲಿ ಊಟಕ್ಕೆ ಕೂತಿದ್ವಿ, ಸೆಕೆಂಡ್ ಪಿಯುಸಿ ಮುಗಿಸಿರೋ ಅಕ್ಕನ ಮಗಳು ಮುದ್ದೆ ಮುರೀತಾ "ಮಾಮ, ನಂಗೆ ಪರಿಸರದ್ದೇ ಏನಾದ್ರೂ ಮಾಡ್ಬೇಕು, ಆದ್ರೆ ಸಂಬಳಾನೂ ಬರ್ಬೇಕು, ಏನ್ ಓದ್ಲಿ?" ಅಂದ್ಳು. ಭಾವ ತಟ್ಟೆಯಿಂದ ತಲೆ ಎತ್ತದೇನೇ "ಕಂಪ್ಯೂಟರ್ ಸೈನ್ಸ್ ಓದು, ಭಾನುವಾರ ಗಿಡ ನೆಡು" ಅಂದ್ರು. ಅಲ್ಲಿಗೆ ಶುರುವಾಗಿದ್ದು ಸಾಯಂಕಾಲ ಕಾಫಿ ಕುಡಿಯೋ ತನಕ ನಡೀತು, ಪಕ್ಕದ ಮನೆ ಐಟಿಐ ಹುಡುಗನೂ ಬಂದು ಸೇರ್ಕೊಂಡ, ನಾನು ಹೇಳಿದ್ದನ್ನೆಲ್ಲ ಒಂದ್ಸಲ ಬರೆದು ಹಾಕಿಬಿಡೋಣ ಅನ್ನಿಸ್ತು.

ನಾನು ತುಮಕೂರು ಕಡೆ ಮನೆ ಮೇಲೆ ಸೋಲಾರ್ ಹಾಕೋ ಒಂದು ಸಣ್ಣ ಕಂಪನೀಲಿ ಹನ್ನೆರಡು ವರ್ಷದಿಂದ ಇದೀನಿ. ಜನ ತಗೊಳ್ಳೋ ಕೆಲಸಾನೂ ನನ್ನ ತಲೆ ಮೇಲೇ ಬಂದಿದೆ, ಹಾಗಾಗಿ ಮೇಷ್ಟ್ರ ಥರ ಹೇಳೋಕೆ ನಂಗೆ ಬರಲ್ಲ, ಕೆಲಸ ಕೊಡೋನು ಹೇಗೆ ನೋಡ್ತಾನೋ ಹಾಗೆ ಹೇಳ್ತೀನಿ.

ಇಂಟರ್‌ವ್ಯೂಗೆ ಯಾರೇ ಬಂದ್ರೂ ನಾನು ಒಂದು ಹಳೇ ಬೆಸ್ಕಾಂ ಬಿಲ್ ಕೈಗೆ ಕೊಡ್ತೀನಿ. "ಇದನ್ನ ಓದಿ, ಈ ಮನೆಗೆ ಎಷ್ಟು ಕಿಲೋವ್ಯಾಟ್ ಹಾಕ್ಬಹುದು ಹೇಳಿ." ಅಷ್ಟೇ ಪರೀಕ್ಷೆ. ಹೋದ ವರ್ಷ ಸಸ್ಟೇನಬಿಲಿಟಿ ಅಂತ ಹೆಸರಿರೋ ಎಂಬಿಎ ಮಾಡ್ಕೊಂಡು ಒಬ್ರು ಬಂದಿದ್ರು, ಒಳ್ಳೇ ಇಂಗ್ಲಿಷ್, ವಿಶ್ವಸಂಸ್ಥೆಯ 17 ಗುರಿಗಳನ್ನ ಒಂದಾದ ಮೇಲೊಂದು ಹೇಳಿದ್ರು, ಆದ್ರೆ ಬಿಲ್‌ನಲ್ಲಿ ಸ್ಯಾಂಕ್ಷನ್ಡ್ ಲೋಡ್ (ಆ ಮನೆಗೆ ಮಂಜೂರಾದ ಕಿಲೋವ್ಯಾಟ್) ಎಲ್ಲಿದೆ ಅಂತ ಹುಡುಕೋಕೆ ಆಗ್ಲಿಲ್ಲ. ಅದೇ ದಿನ ಎಲೆಕ್ಟ್ರಿಷಿಯನ್ ಟ್ರೇಡ್ ಹುಡುಗ ಒಬ್ಬ ಬಿಲ್ ನೋಡಿ ಅರ್ಧ ನಿಮಿಷಕ್ಕೆ "ಸಾರ್, ಒಂದು ಕಿಲೋವ್ಯಾಟ್‌ಗೆ ದಿನಕ್ಕೆ ನಾಲ್ಕು ಯೂನಿಟ್ ಹಿಡ್ಕೊಂಡ್ರೂ ಇವ್ರಿಗೆ ಎರಡು ಕಿಲೋವ್ಯಾಟ್ ಸಾಕು. ಆದ್ರೆ ಇವ್ರು ಉರಿಸೋದು ಇನ್ನೂರು ಯೂನಿಟ್ ಒಳಗೇ ಇದೆಯಲ್ಲ, ಗೃಹಜ್ಯೋತೀಲಿ ಬಿಲ್ಲೇ ಬರಲ್ಲ, ಯಾಕ್ ಹಾಕಿಸ್ಕೋತಾರೆ?" ಅಂದ. ನಾನು ಪೆನ್ ಕೆಳಗಿಟ್ಟೆ. ಗ್ರೀನ್ ಎಕಾನಮಿ ಅಂತ ಏನ್ ಕರೀತಾರೋ ಅದರ ಇಡೀ ಕಷ್ಟ ಆ ಒಂದು ಪ್ರಶ್ನೇಲಿತ್ತು. 2023ರಿಂದ ಕರೆಂಟ್ ಫ್ರೀ ಸಿಗ್ತಿರೋ ಮನೆಯವರಿಗೆ ಸೋಲಾರ್ ಮಾರೋದು ಹೇಗೆ ಅನ್ನೋದು ಯಾವ ಬ್ರೋಷರ್‌ನಲ್ಲೂ ಇರಲ್ಲ.

ಅದಕ್ಕೇ ನಾನು ಅವಳಿಗೆ ಹೇಳಿದ್ದು, ಕೋರ್ಸ್ ಹೆಸರಲ್ಲಿ ಗ್ರೀನ್ ಇದೆಯಾ ಅಂತ ನೋಡ್ಬೇಡ, ಆ ಕೋರ್ಸ್ ನಿನ್ನನ್ನ ಎಷ್ಟು ದಿನ ಕ್ಲಾಸಿಂದ ಆಚೆ ಕಳ್ಸತ್ತೆ, ಆಚೆ ಹೋದಾಗ ಯಾರ ಎದುರು ಕೂರಿಸತ್ತೆ ನೋಡು. ಕೆಳಗಿನ ಹೋಲಿಕೆ ಎಲ್ಲಾ ಇದೇ ತಕ್ಕಡೀಲಿ ತೂಗಿರೋದು.

ಪಿಯುಸಿ ಮುಗಿಸಿದವ್ರಿಗೆ: ಫಾರೆಸ್ಟ್ರಿನಾ, ಅಗ್ರಿನಾ?

ನಮ್ ರಾಜ್ಯದಲ್ಲಿ ಬಿಎಸ್ಸಿ ಫಾರೆಸ್ಟ್ರಿ ಅಂದ್ರೆ ಎರಡು ಊರು. ಸಿರ್ಸಿ, ಅದು ಧಾರವಾಡ ಕೃಷಿ ವಿವಿ ಕೆಳಗೆ, ಮತ್ತೆ ಕೊಡಗಿನ ಪೊನ್ನಂಪೇಟೆ, ಅದು ಶಿವಮೊಗ್ಗ ವಿವಿ ಕೆಳಗೆ. ಎರಡೂ ನಾಲ್ಕು ವರ್ಷ, ಎರಡಕ್ಕೂ ಬಹುಪಾಲು ಸೀಟು ಸಿಇಟಿ ಮೂಲಕ. ಎರಡರಲ್ಲಿ ಯಾವುದು ಒಳ್ಳೇದು ಅಂತ ಕಿತ್ತಾಡೋದು ವೇಸ್ಟು, ಎರಡೂ ಕಡೆ ಕಾಡು ಕಾಲೇಜಿನ ಹಿಂಬಾಗಿಲಲ್ಲೇ ಇದೆ, ನಿಮ್ಮೂರಿಗೆ ಬಸ್ ಯಾವ್ ಕಡೆಯಿಂದ ಜಾಸ್ತಿ ಇದೆ ನೋಡ್ಕೊಳ್ಳಿ ಸಾಕು (ಸಿರ್ಸಿ ಮಳೆಗೆ ಒಂದು ಒಳ್ಳೇ ಕೊಡೆ, ಪೊನ್ನಂಪೇಟೆ ಮಳೆಗೆ ಎರಡು). ಮರದ ಸುತ್ತಳತೆ ತಗೊಳ್ಳೋದು ನೆಲದಿಂದ 1.37 ಮೀಟರ್ ಎತ್ತರದಲ್ಲಿ, ಇಳಿಜಾರಲ್ಲಿರೋ ಮರಕ್ಕೆ ಮೇಲ್ಗಡೆಯಿಂದ ಅಳತೆ, ಇಂಥದ್ದನ್ನೆಲ್ಲ ಮೊದಲು ಕೈ ಕಲಿಯತ್ತೆ, ಆಮೇಲೆ ತಲೆ. ಕಾರ್ಬನ್ ಕ್ರೆಡಿಟ್ ಅಂತ ಈಗ ದೊಡ್ಡ ದೊಡ್ಡ ಆಫೀಸಲ್ಲಿ ಮಾತಾಡ್ತಾರಲ್ಲ, ಮರದಲ್ಲಿರೋ ಕಾರ್ಬನ್ ಲೆಕ್ಕ ಶುರುವಾಗೋದು ಇದೇ ಟೇಪ್ ಅಳತೆಯಿಂದ.

ತೊಂದರೆ ಏನಂದ್ರೆ ಅಲ್ಲಿ ಸೇರೋ ಬಹಳಷ್ಟು ಹುಡುಗರ ಕಣ್ಣು ಆರ್‌ಎಫ್‌ಒ (ವಲಯ ಅರಣ್ಯಾಧಿಕಾರಿ) ಹುದ್ದೆ ಮೇಲೆ. ಅರಣ್ಯ ಇಲಾಖೆ ನೇಮಕಾತೀಲಿ ಫಾರೆಸ್ಟ್ರಿ ಓದಿದವ್ರಿಗೆ ಮೀಸಲು ಪಾಲು ಇದೆ, ಆ ಪಾಲು ಎಷ್ಟಿರ್ಬೇಕು ಅನ್ನೋದಕ್ಕೆ ವಿದ್ಯಾರ್ಥಿಗಳು ಕ್ಲಾಸ್ ಬಿಟ್ಟು ಧರಣಿ ಕೂತಿದ್ದೂ ಆಗಿದೆ. ನೋಟಿಫಿಕೇಶನ್ ಯಾವಾಗ ಬರತ್ತೋ ಅಂತ ಕಾಯ್ತಾ ಮೂವತ್ತು ದಾಟಿದವ್ರು ನಂಗೇ ಇಬ್ರು ಗೊತ್ತು. ಇನ್ನೊಂದು ವಿಷ್ಯ ತುಂಬಾ ಜನಕ್ಕೆ ತಿಳಿದಿಲ್ಲ, ಯುಪಿಎಸ್‌ಸಿಯ ಐಎಫ್‌ಎಸ್ (ಭಾರತೀಯ ಅರಣ್ಯ ಸೇವೆ) ಪರೀಕ್ಷೆಗೆ ಫಾರೆಸ್ಟ್ರೀನೇ ಓದಿರ್ಬೇಕು ಅಂತಿಲ್ಲ, ಅಗ್ರಿ, ಎಂಜಿನಿಯರಿಂಗ್, ಬಾಟನಿ, ಜುವಾಲಜಿ, ಮ್ಯಾಥ್ಸ್ ಓದಿದವ್ರೂ ಬರೀಬಹುದು. ಹಾಗಾಗಿ ದೊಡ್ಡ ಅಧಿಕಾರಿ ಆಗೋದೊಂದೇ ಗುರಿ ಅಂದ್ರೆ ಫಾರೆಸ್ಟ್ರಿಗೇ ಅಂಟ್ಕೋಬೇಕಿಲ್ಲ.

ಬಿಎಸ್ಸಿ ಅಗ್ರಿ ಬೇರೆ ಲೋಕ. ಬೆಂಗಳೂರಿನ ಜಿಕೆವಿಕೆ, ಧಾರವಾಡ, ರಾಯಚೂರು, ಶಿವಮೊಗ್ಗ ಅಂತ ವಿವಿಗಳೂ ಜಾಸ್ತಿ, ಕಾಲೇಜೂ ಜಾಸ್ತಿ, ಕೃಷಿಕರ ಮಕ್ಕಳ ಕೋಟಾ ಇದೆ. ಆ ಕೋಟಾಗೆ ಒಂದು ಪ್ರಾಕ್ಟಿಕಲ್ ಪರೀಕ್ಷೆ ಇಡ್ತಾರೆ, ಬೀಜ ಗೊಬ್ಬರ ಉಪಕರಣ ಎಲ್ಲಾ ಟೇಬಲ್ ಮೇಲಿಟ್ಟು ಯಾವುದು ಏನು ಅಂತ ಗುರುತಿಸ್ಬೇಕು. ನಮ್ಮ ಹುಡುಗಿ ಮನೇಲಿ ಅಜ್ಜಿ ಡಬ್ಬ ಡಬ್ಬ ತೆಗೆದು ನವಣೆ, ಸಾಮೆ, ಹಾರಕ ಮುಂದೆ ಸುರಿದ್ರೆ ಮೂರೂ ಒಂದೇ ಅಂದ್ಳು, ಅಜ್ಜಿ ಹಣೆ ಚಚ್ಕೊಂಡ್ರು.

ಅಗ್ರೀಲಿ ನಂಗೆ ಇಷ್ಟ ಆಗೋದು ಕೊನೇ ವರ್ಷದ ರಾವೆ, ಅಂದ್ರೆ ಹಳ್ಳೀಲಿದ್ದು ಕೃಷಿ ಅನುಭವ ಪಡೆಯೋ ಕಾರ್ಯಕ್ರಮ. ವಿದ್ಯಾರ್ಥಿಗಳು ಒಂದು ಹಳ್ಳೀಲಿ ಹೋಗಿ ಇರ್ತಾರೆ, ಒಬ್ಬೊಬ್ರನ್ನ ಒಬ್ಬೊಬ್ಬ ರೈತರಿಗೆ ಒಪ್ಪಿಸ್ತಾರೆ. ಒಂದು ಹಳ್ಳೀಲಿ ನಾನೇ ನೋಡಿದ್ದು, ದೇವಸ್ಥಾನದ ಮುಂದೆ ಸಗಣಿ ಸಾರಿಸಿದ ನೆಲದಲ್ಲಿ ರಂಗೋಲಿ ಪುಡೀಲಿ ಊರಿನ ನಕ್ಷೆ ಬಿಡಿಸ್ತಾ ಇದ್ರು, ಕೆರೆಗೆ ನೀಲಿ, ಹೊಲಕ್ಕೆ ಹಸಿರು, ಬೋರ್‌ವೆಲ್‌ಗೆ ಕೆಂಪು ಚುಕ್ಕಿ. ಒಬ್ಬ ಅಜ್ಜ ಬಂದು ಕೋಲಲ್ಲಿ ನಾಲ್ಕು ಕೆಂಪು ಚುಕ್ಕಿ ಅಳಿಸಿ "ಇವು ಬತ್ತೋಗಿ ಆರು ವರ್ಷ ಆಯ್ತು ಕಣ್ರಪ್ಪ" ಅಂದ. ಆ ಹುಡುಗರಿಗೆ ಅಂತರ್ಜಲದ ಬಗ್ಗೆ ಅದಕ್ಕಿಂತ ದೊಡ್ಡ ಪಾಠ ಸಿಕ್ಕಿರಲ್ಲ. ಫಾರೆಸ್ಟ್ರೀಲೂ ಇಂಥದ್ದೇ ಒಂದು ಫೀಲ್ಡ್ ಕಾರ್ಯಕ್ರಮ ಇದೆ, ಆದ್ರೆ ರೈತರ ಸಂಸಾರದ ಲೆಕ್ಕ ಹತ್ತಿರದಿಂದ ಕಾಣೋದು ಅಗ್ರೀಲೇ. ಓದು ಮುಗಿದ್ಮೇಲೆ ದಾರೀನೂ ಜಾಸ್ತಿ, ಕೃಷಿ ಇಲಾಖೆ, ಬ್ಯಾಂಕ್‌ನ ಅಗ್ರಿ ಫೀಲ್ಡ್ ಆಫೀಸರ್ (ಇದಕ್ಕೆ ಫಾರೆಸ್ಟ್ರಿಯವ್ರೂ ಹಾಕ್ಬಹುದು), ರೈತ ಉತ್ಪಾದಕ ಕಂಪನಿಗಳು. ಎರಡರಲ್ಲಿ ಒಂದು ಅಂದ್ರೆ, ಮರ ಪ್ರಾಣಿ ಹುಚ್ಚಿರೋರು ಫಾರೆಸ್ಟ್ರಿ, ಬೇರೆಯವ್ರು ಅಗ್ರಿ. ಭಾವನಿಗೆ ಎರಡೂ ಬೇಡ, ಅದು ಬೇರೆ ಮಾತು.

ಎಂಜಿನಿಯರಿಂಗ್ ಮಾಡೋದಾದ್ರೆ

ಎನ್‌ವಿರಾನ್‌ಮೆಂಟಲ್ ಎಂಜಿನಿಯರಿಂಗ್ ಅಂತ ಹೆಸರು ನೋಡಿ ಮರುಳಾಗ್ಬೇಡಿ, ಕೆಟ್ಟ ಕೋರ್ಸ್ ಅಂತ ಅಲ್ಲ, ಆದ್ರೆ ಆ ಕೆಲಸಗಳಿಗೆ ಸಿವಿಲ್, ಕೆಮಿಕಲ್‌ನವ್ರೂ ಬಂದು ನಿಲ್ತಾರೆ, ಅವ್ರಿಗೆ ಇರೋ ಬೇರೆ ಬಾಗಿಲು ನಿಮಗೆ ಇರಲ್ಲ. ನಾನಾದ್ರೆ ಎಲೆಕ್ಟ್ರಿಕಲ್ ಅಥವಾ ಸಿವಿಲ್ ಅಂತೀನಿ. ಸೋಲಾರ್, ಗಾಳಿ, ಬ್ಯಾಟರಿ, ಇವಿ ಎಲ್ಲಾ ಕೊನೆಗೆ ಎಲೆಕ್ಟ್ರಿಕಲ್ಲು, ನೀರು ಕಸ ಕಟ್ಟಡ ಎಲ್ಲಾ ಸಿವಿಲ್ಲು. ಗ್ರೀನ್ ಅನ್ನೋದನ್ನ ಮೇಲಿಂದ ಹಾಕ್ಕೊಬಹುದು, ಒಗ್ಗರಣೆ ಥರ, ಮೊದ್ಲು ಸಾರು ಇರ್ಬೇಕಲ್ಲ.

ಎಂಜಿನಿಯರ್‌ಗೆ ಎಲೆಕ್ಟ್ರಿಸಿಟಿ ಮಾತ್ರ ಗೊತ್ತಿದ್ರೆ ಏನಾಗತ್ತೆ ಅಂತ ನೋಡ್ಬೇಕಾದ್ರೆ ಪಾವಗಡದ ಸೋಲಾರ್ ಪಾರ್ಕ್‌ಗೆ ಹೋಗಿ ಬನ್ನಿ. ತಿರುಮಣಿ, ವಳ್ಳೂರು ಸುತ್ತಮುತ್ತ ಐದು ಹಳ್ಳಿ ಸೇರಿ ಸುಮಾರು 13,000 ಎಕರೆ, 2,050 ಮೆಗಾವ್ಯಾಟ್. ಜಮೀನು ಕೊಂಡ್ಕೊಳ್ಳದೆ ರೈತರಿಂದ ಗುತ್ತಿಗೆಗೆ ತಗೊಂಡ್ರು, ಶುರುವಿನಲ್ಲಿ ಎಕರೆಗೆ ವರ್ಷಕ್ಕೆ 21,000 ರೂಪಾಯಿ. ಬರದಲ್ಲಿ ಕಡ್ಲೆಕಾಯಿ ಬಿತ್ತಿ ಕೈ ಸುಟ್ಕೊಂಡಿದ್ದ ಜಮೀನುದಾರರಿಗೆ ಅದು ದೊಡ್ಡ ಆಸರೆನೇ, ಯಾರೋ ಬುದ್ಧಿವಂತರು ಯೋಚ್ನೆ ಮಾಡಿದ್ದು, ಒಪ್ಕೋತೀನಿ. ಆದ್ರೆ ಸ್ವಂತ ಜಮೀನಿಲ್ಲದೆ ಅದೇ ಕಡ್ಲೆಕಾಯಿ ಕೀಳೋಕೆ ಕೂಲಿ ಹೋಗ್ತಿದ್ದವ್ರಿಗೆ, ಕುರಿ ಮೇಯಿಸ್ತಿದ್ದವ್ರಿಗೆ ಗುತ್ತಿಗೆ ದುಡ್ಡು ಎಲ್ಲಿಂದ ಬರತ್ತೆ? ಪ್ಯಾನೆಲ್ ಸಾಲಿನ ಮಧ್ಯೆ ಹುಲ್ಲು ಕೊಯ್ತಿದ್ದ ಹೆಂಗಸರು, ಗೇಟಲ್ಲಿ ಕೂತ ಸೆಕ್ಯೂರಿಟಿ, ನೀರು ಹಾಕಿ ಗಾಜು ಒರೆಸೋ ಹುಡುಗರು, ಇವ್ರೇ ನಂಗೆ ಅಲ್ಲಿ ಸಿಕ್ಕ ಊರಿನವ್ರು, ಕಂಟ್ರೋಲ್ ರೂಮಲ್ಲಿ ಮಾತಾಡ್ಸಿದವ್ರೆಲ್ಲ ಹೊರಗಿನವ್ರು. ಜಮೀನು ಕಾನೂನು, ಕರೆಂಟು, ಕೂಲಿಯವರ ಸಂಸಾರ ಮೂರನ್ನೂ ಒಟ್ಟಿಗೆ ನೋಡೋಕೆ ಬರೋ ಒಬ್ರು ಆ ಮೀಟಿಂಗ್‌ನಲ್ಲಿ ಇದ್ದಿದ್ರೆ ಕುರಿಗಾಹಿಗಳ ಮಾತು ಮೊದಲೇ ಬರ್ತಿತ್ತೇನೋ. ಗ್ರೀನ್ ಎಕಾನಮಿಗೆ ನಾಯಕರು ಬೇಕು ಅಂತಾರಲ್ಲ, ಬೇಕಿರೋದು ಅಂಥವ್ರು.

ಹಿಂದೆ ನಮ್ ಜಿಲ್ಲೇಲೇ ಅಂಥ ಕೆಲಸ ನಡೆದಿತ್ತು. 1974ರಲ್ಲಿ ಐಐಎಸ್‌ಸಿಯಲ್ಲಿ ಅಮೂಲ್ಯ ರೆಡ್ಡಿಯವರು ಹಳ್ಳಿಗೆ ಬೇಕಾದ ತಂತ್ರಜ್ಞಾನಕ್ಕೆ ಅಸ್ತ್ರ ಅನ್ನೋ ಕೇಂದ್ರ ಶುರು ಮಾಡಿದ್ರು, ನಮ್ಮ ಅಜ್ಜಿ ಕಾಲದ ಅಸ್ತ್ರ ಒಲೆ ಅಲ್ಲಿಂದಲೇ ಬಂದಿದ್ದು. ಕುಣಿಗಲ್ ತಾಲೂಕಿನ ಪುರ ಅನ್ನೋ ಹಳ್ಳೀಲಿ ಊರಿಗೆಲ್ಲ ಒಂದೇ ಗೋಬರ್ ಗ್ಯಾಸ್ ಮಾಡಿ ಅಡಿಗೆಗೆ ಕೊಡೋಣ ಅಂತ ಹೊರಟ್ರು, ಇದ್ದ ಸಗಣಿಗೆ ಗ್ಯಾಸ್ ಸಾಲಲಿಲ್ಲ. ಆಮೇಲೆ ಊರವ್ರ ಜೊತೆ ಮತ್ತೆ ಕೂತು ಮಾತಾಡಿ, ಅದೇ ಗ್ಯಾಸಲ್ಲಿ ಎಂಜಿನ್ ಓಡ್ಸಿ ಕೊಳಾಯಿಗೆ ನೀರು, ಮನೆಗೆ ಲೈಟು ಕೊಟ್ರು, ಸಗಣಿ ತಂದು ಕೊಟ್ಟವ್ರಿಗೆ ತೂಕದ ಲೆಕ್ಕದಲ್ಲಿ ದುಡ್ಡೂ ಕೊಟ್ರು. ಮೊದಲ ಸಲ ತಪ್ಪಿದ್ದನ್ನ ಒಪ್ಕೊಂಡು ತಿದ್ಕೊಂಡಿದ್ದೇ ಅದರಲ್ಲಿ ದೊಡ್ಡದು. ಅಸ್ತ್ರ ಈಗ ಐಐಎಸ್‌ಸಿಯ ಸೆಂಟರ್ ಫಾರ್ ಸಸ್ಟೇನಬಲ್ ಟೆಕ್ನಾಲಜೀಸ್ ಆಗಿದೆ, ಬಿಇ ಆದ್ಮೇಲೆ ರಿಸರ್ಚ್ ಆಸೆ ಇರೋರು ಗೇಟ್ ಬರೆದು ಆ ಕಡೆ ನೋಡ್ಬಹುದು.

ಬಿಕಾಂನವ್ರು ಇಲ್ಲಿ ಕಿವಿ ಕೊಡಿ

ಪರಿಸರ ಅಂದ್ರೆ ಸೈನ್ಸ್‌ನವ್ರದ್ದು ಅಂತ ಬಿಟ್ಬಿಡ್ತಾರೆ, ದೊಡ್ಡ ತಪ್ಪು. 2022-23ರಿಂದ ದೇಶದ ಮೊದಲ 1,000 ಲಿಸ್ಟೆಡ್ ಕಂಪನಿಗಳು ಬಿಆರ್‌ಎಸ್‌ಆರ್ ಅಂತ ಒಂದು ರಿಪೋರ್ಟ್ ಕೊಡ್ಲೇಬೇಕು ಅಂತ ಷೇರುಪೇಟೆ ನೋಡ್ಕೊಳ್ಳೋ ಸೆಬಿ ರೂಲ್ ಮಾಡಿದೆ, ಎಷ್ಟು ಕರೆಂಟು, ಎಷ್ಟು ನೀರು, ಎಷ್ಟು ಕಸ, ಎಲ್ಲಾ ಅದರಲ್ಲಿ ಬರೀಬೇಕು. ಒಂದು ಲೀಟರ್ ಡೀಸೆಲ್ ಉರಿದ್ರೆ ಹತ್ತತ್ರ 2.7 ಕೆಜಿ ಕಾರ್ಬನ್ ಡೈಆಕ್ಸೈಡ್, ಜನರೇಟರ್‌ಗೆ ಹಾಕಿದ ಡೀಸೆಲ್ ಬಿಲ್ ಎಲ್ಲಾ ಗುಡ್ಡೆ ಹಾಕಿ ಕೂಡಿಸಿ ಗುಣಿಸೋದು ಲೆಕ್ಕದವ್ರ ಕೆಲಸಾನೇ ತಾನೆ? ಯುರೋಪ್‌ಗೆ ಹೋಗೋ ಉಕ್ಕು, ಸಿಮೆಂಟ್, ಅಲ್ಯೂಮಿನಿಯಂಗೆ 2026ರಿಂದ ಕಾರ್ಬನ್ ಲೆಕ್ಕದ ಮೇಲೆ ದುಡ್ಡು ಬೇರೆ ಕಟ್ಬೇಕು, ಹಾಗಾಗಿ ಈ ಲೆಕ್ಕಕ್ಕೆ ಬೆಲೆ ಏರ್ತಾನೇ ಹೋಗತ್ತೆ. ಸಿಎ ಅಥವಾ ಸಿಎಂಎ ಮಾಡ್ತಾ ಪಕ್ಕದಲ್ಲಿ ಇದನ್ನ ಕಲಿತ್ರೆ ಸಾಕು, ಬೇರೆ ಡಿಗ್ರಿ ಬೇಡ. ಎನ್‌ಪಿಟಿಇಎಲ್, ಸ್ವಯಂ ಅನ್ನೋ ಸರ್ಕಾರದ ಆನ್‌ಲೈನ್ ತಾಣಗಳಲ್ಲಿ ಕೋರ್ಸ್ ಫ್ರೀ ಇರತ್ತೆ, ಸರ್ಟಿಫಿಕೇಟ್ ಬೇಕಂದ್ರೆ ಮಾತ್ರ ಪರೀಕ್ಷೆ ಫೀಸು.

ಐಟಿಐ ಹುಡುಗನ ವಿಷ್ಯ

ಪಕ್ಕದ ಮನೆ ಹುಡುಗ "ಅಣ್ಣ, ನಾಯಕ ಪಾಯಕ ಎಲ್ಲಾ ನಿಮಗೆ, ನಂಗೆ ಕೆಲಸ ಹೇಳಿ" ಅಂದ. ಅವನಿಗೆ ಸೂರ್ಯಮಿತ್ರ. ಕೇಂದ್ರದ ನವೀಕರಿಸಬಹುದಾದ ಇಂಧನ ಸಚಿವಾಲಯದ (ಎಂಎನ್‌ಆರ್‌ಇ) ದುಡ್ಡಲ್ಲಿ ನಡೆಯೋ ತರಬೇತಿ, ಸುಮಾರು ಮೂರು ತಿಂಗಳು, ಎಲೆಕ್ಟ್ರಿಷಿಯನ್, ವೈರ್‌ಮ್ಯಾನ್, ಫಿಟ್ಟರ್ ಅಂಥ ಟ್ರೇಡ್ ಮಾಡಿದವ್ರಿಗೆ. ಜೇಬಿಂದ ಫೀಸ್ ಕೇಳಿದ್ರೆ ಅಲ್ಲಿಂದ ಎದ್ದು ಬನ್ನಿ. 2024ರಲ್ಲಿ ಮನೆ ಸೋಲಾರ್‌ಗೆ ಕೇಂದ್ರದ ಪಿಎಂ ಸೂರ್ಯಘರ್ ಯೋಜನೆ ಬಂದ್ಮೇಲೆ, ಮೂರು ಕಿಲೋವ್ಯಾಟ್‌ಗೆ 78,000 ರೂಪಾಯಿ ಸಬ್ಸಿಡಿ ಸಿಗೋದ್ರಿಂದ, ಹತ್ತಿ ಇಳಿದು ಸರಿಯಾಗಿ ಅರ್ತಿಂಗ್ ಕೊಡೋ ಹುಡುಗರು ನಂಗೆ ಸಿಗ್ತಾನೇ ಇಲ್ಲ. ನಿಜ ಹೇಳ್ಬೇಕಂದ್ರೆ ಈ ಲಿಸ್ಟಲ್ಲಿ ಮೂರು ತಿಂಗಳಲ್ಲಿ ಸಂಬಳ ಕಾಣೋದು ಇದೊಂದೇ. ಆದ್ರೆ ಐದು ವರ್ಷ ಆದ್ಮೇಲೂ ಏಣಿ ಮೇಲೇ ಇರ್ಬಾರ್ದು ಅಂದ್ರೆ ಕೊಟೇಶನ್ ಹಾಕೋದು, ಎಸ್ಕಾಂ (ಬೆಸ್ಕಾಂ ಥರದ ಕರೆಂಟ್ ಕಂಪನಿ) ಆಫೀಸಲ್ಲಿ ಫೈಲ್ ಓಡ್ಸೋದು, ಬ್ಯಾಂಕ್ ಲೋನ್ ಮಾಡ್ಸೋದು ಕಲೀಬೇಕು. 1995ರಲ್ಲಿ ಸೆಲ್ಕೋ ಅನ್ನೋ ಸೋಲಾರ್ ಕಂಪನಿ ಕಟ್ಟಿದ ಹರೀಶ್ ಹಂದೆಯವ್ರ ಜಾಣತನ ಇದ್ದಿದ್ದೂ ಪ್ಯಾನೆಲ್‌ನಲ್ಲಿ ಅಲ್ಲ, ಕಂತಿನಲ್ಲಿ. ತಿಂಗಳಿಗೆ 300 ಅಂದ್ರೆ ಬೀದಿ ವ್ಯಾಪಾರಿಗೆ ಭಾರ, ಅದೇ ದಿನಕ್ಕೆ 10 ಅಂದ್ರೆ ಕೊಡೋಕೆ ಆಗತ್ತೆ ಅನ್ನೋದನ್ನ ಅವ್ರು ವ್ಯಾಪಾರಿಗಳಿಂದಲೇ ಕಲಿತು, ಗ್ರಾಮೀಣ ಬ್ಯಾಂಕುಗಳನ್ನ ಒಪ್ಪಿಸಿದ್ರು. 2011ರಲ್ಲಿ ಅವ್ರಿಗೆ ಮ್ಯಾಗ್ಸೆಸೆ ಪ್ರಶಸ್ತಿ ಬಂತು.

ಡಿಗ್ರಿ ಆದ್ಮೇಲೆ: ಗದಗ, ಸರ್ಜಾಪುರ, ಭೋಪಾಲ್, ಆನಂದ್, ದಿಲ್ಲಿ

ಇಲ್ಲಿ ಫೀಸು ದೊಡ್ಡ ವಿಷ್ಯ, ಹಾಗಾಗಿ ಕಮ್ಮಿಯಿಂದಲೇ ಶುರು ಮಾಡ್ತೀನಿ. ಗದಗದಲ್ಲಿ 2016ರಲ್ಲಿ ಶುರುವಾದ ಗ್ರಾಮೀಣಾಭಿವೃದ್ಧಿ ಮತ್ತು ಪಂಚಾಯತ್ ರಾಜ್ ವಿವಿ ಇದೆ, ನಮ್ಮವ್ರಿಗೇ ಗೊತ್ತಿಲ್ಲ. ಸರ್ಕಾರಿ ಫೀಸು, ಕನ್ನಡ ಮೀಡಿಯಂನಿಂದ ಬಂದವ್ರು ಅಲ್ಲಿ ಪರದೇಶಿ ಅನ್ನಿಸ್ಕೊಳ್ಳಲ್ಲ, ಪಂಚಾಯ್ತಿ ಹೇಗೆ ನಡೆಯತ್ತೆ ಅನ್ನೋದನ್ನ ಪಿಜಿ ಮಟ್ಟದಲ್ಲಿ ಕಲಿಸ್ತಾರೆ. ಕಸ, ನೀರು, ಕೆರೆ, ಬೀದಿದೀಪ ಎಲ್ಲಾ ಪಂಚಾಯ್ತಿ ಕೈಲಿರೋವಾಗ ಇದಕ್ಕಿಂತ ಗ್ರೀನ್ ಯಾವುದಿದೆ? ಹೆಸರು ಹೇಳಿದ್ರೆ ಕಾರ್ಪೊರೇಟ್‌ನವ್ರು ಹುಬ್ಬೇರಿಸಲ್ಲ, ಅದು ಅದರ ಕೊರತೆ.

ಸರ್ಜಾಪುರದ ಅಜೀಂ ಪ್ರೇಮ್‌ಜಿ ವಿವಿಯ ಎಂಎ ಡೆವಲಪ್‌ಮೆಂಟ್‌ದು ಫೀಸ್ ನೋಡಿ ಓಡಬೇಡಿ, ಮನೆ ಆದಾಯ ನೋಡಿ ಪೂರ್ತಿ ಫೀಸ್ ಮನ್ನಾ ಮಾಡೋದೂ ಇದೆ. ಅಲ್ಲಿಂದ ಬರೋವ್ರು ಜಾಸ್ತಿ ಎನ್‌ಜಿಒ ಕಡೆ ಹೋಗ್ತಾರೆ, ಪ್ರಶ್ನೆ ಕೇಳೋದು ಚೆನ್ನಾಗಿ ಕಲಿತಿರ್ತಾರೆ, ಉತ್ತರ ಕೊಡೋಕೆ ಸ್ವಲ್ಪ ತಡ (ಇದು ನನ್ನ ಕೊಂಕು, ಸಿಟ್ಟಾಗ್ಬೇಡಿ).

ಭೋಪಾಲ್‌ನ ಐಐಎಫ್‌ಎಂ, ಅರಣ್ಯ ಮ್ಯಾನೇಜ್‌ಮೆಂಟ್ ಕಲಿಸೋ ಸಂಸ್ಥೆ, 1982ರದ್ದು, ಕೇಂದ್ರ ಪರಿಸರ ಸಚಿವಾಲಯದ ಕೆಳಗೆ, ಕ್ಯಾಟ್ ಥರದ ಎಂಬಿಎ ಪ್ರವೇಶ ಪರೀಕ್ಷೆಯ ಸ್ಕೋರ್ ಬೇಕು. ಗುಜರಾತಿನ ಆನಂದ್‌ನಲ್ಲಿರೋ ಇರ್ಮಾ, ಗ್ರಾಮೀಣ ಮ್ಯಾನೇಜ್‌ಮೆಂಟ್ ಕಲಿಸೋ ಸಂಸ್ಥೆ, 1979ರಲ್ಲಿ ವರ್ಗೀಸ್ ಕುರಿಯನ್ ಕಟ್ಟಿದ್ದು, 2025ರಲ್ಲಿ ತ್ರಿಭುವನ್ ಸಹಕಾರಿ ವಿವಿ ಆಗಿದೆ. ಇವೆರಡರ ಮಧ್ಯೆ ನಂಗೆ ಇರ್ಮಾ ಒಂದು ಕೈ ಮೇಲೆ, ಯಾಕಂದ್ರೆ ಅಲ್ಲಿ ವಿದ್ಯಾರ್ಥಿಗಳನ್ನ ವಾರಗಟ್ಲೆ ಹಳ್ಳೀಲಿ ಬಿಡ್ತಾರೆ, ಹಾಲಿನ ಡೈರಿ ಲೆಕ್ಕ ಗೊತ್ತಾದವ್ರಿಗೆ ಯಾವ ಸಹಕಾರಿ ಸಂಘದ ಲೆಕ್ಕವೂ ಗೊತ್ತಾಗತ್ತೆ. ಕಾಡು, ಕಾರ್ಬನ್ ಕಡೆ ಒಲವಿರೋರಿಗೆ ಐಐಎಫ್‌ಎಂ. ಪರಿಸರ, ಇಂಧನದ ವಿಷ್ಯ ಕಲಿಸೋ ದಿಲ್ಲಿ ಟೆರಿ ಸ್ಕೂಲ್ ನೀತಿ ಮಾಡೋ ಕಡೆ ಹೋಗೋವ್ರಿಗೆ ಸರಿ, ಸಚಿವಾಲಯಗಳೆಲ್ಲ ಅಲ್ಲೇ ಸುತ್ತಮುತ್ತ, ಆದ್ರೆ ಫೀಸು, ದಿಲ್ಲಿ ಬಾಡಿಗೆ ಎರಡೂ ಸೇರಿಸಿ ಲೋನ್ ಲೆಕ್ಕ ಹಾಕಿ.

ಪಿಎಚ್‌ಡಿ ಮಟ್ಟಕ್ಕೆ ಹೋಗೋದಾದ್ರೆ ಬೆಂಗಳೂರಿನ ಏಟ್ರೀ ಅನ್ನೋ ಪರಿಸರ ಸಂಶೋಧನಾ ಸಂಸ್ಥೆ ಇದೆ, 1996ರಿಂದ. ಬಿಳಿಗಿರಿರಂಗನ ಬೆಟ್ಟದಲ್ಲಿ ಸೋಲಿಗರ ಜೊತೆ ಅವ್ರು ಮಾಡಿರೋ ಕೆಲಸ, ಮಲೆ ಮಹದೇಶ್ವರ ಬೆಟ್ಟದಲ್ಲಿ ಕಾಡು ನುಂಗ್ತಿರೋ ಲಂಟಾನ ಕಡ್ಡಿಯಿಂದ ಕುರ್ಚಿ ಮೇಜು ಮಾಡ್ಸಿದ್ದು, ಹೋಗಿ ನೋಡೋ ಹಾಗಿದೆ. ಅದು ಐದಾರು ವರ್ಷದ ದಾರಿ, ಅವಸರ ಇರೋರಿಗಲ್ಲ.

ಇನ್ನು ಪ್ರೈವೇಟ್ ಎಂಬಿಎಗಳು. ನನ್ನ ಜೊತೆ ಕೆಲಸ ಮಾಡ್ತಿದ್ದ ಒಬ್ರು ಕೆಲಸ ಬಿಟ್ಟು ಲಕ್ಷಗಟ್ಟಲೆ ಸಾಲ ಮಾಡಿ ಒಂದು ಕಡೆ ಸೇರಿದ್ರು, ಹೆಸರು ಬೇಡ. ಬ್ರೋಷರ್ ತುಂಬಾ ಗಾಳಿಯಂತ್ರದ ಫೋಟೋ. ಎರಡು ವರ್ಷದಲ್ಲಿ ಫೀಲ್ಡ್ ವಿಸಿಟ್ ಅಂತ ಆಗಿದ್ದು ಒಂದೇ, ಒಂದು ರೆಸಾರ್ಟ್‌ನ ಕೊಳಚೆ ನೀರು ಶುದ್ಧೀಕರಣ ಘಟಕ, ಅರ್ಧ ಗಂಟೆ ನೋಡಿ ಇನ್ನರ್ಧ ದಿನ ಸ್ವಿಮ್ಮಿಂಗ್ ಪೂಲ್. ಹಾಗಾಗಿ ಯಾವುದೇ ಕಾಲೇಜಿಗೆ ಸೇರೋ ಮೊದ್ಲು ಹಿಂದಿನ ಬ್ಯಾಚ್‌ನ ಇಬ್ಬರಿಗೆ ಫೋನ್ ಮಾಡಿ "ಎಷ್ಟು ರಾತ್ರಿ ಕ್ಯಾಂಪಸ್ ಬಿಟ್ಟು ಹೊರಗೆ ಮಲಗಿದ್ರಿ?" ಅಂತ ಕೇಳಿ. ನಗ್ತಾರೆ, ಪರವಾಗಿಲ್ಲ, ಉತ್ತರ ಮಾತ್ರ ಬರ್ಕೊಳ್ಳಿ. ಡಿಗ್ರೀಲಿ ಎಲ್ಲಾರ್ಗೂ ಕಡ್ಡಾಯ ಅಂತ ಇರೋ ಪರಿಸರ ಅಧ್ಯಯನ ಪೇಪರ್ ನೆನಪಿದೆಯಾ? ಎಂ.ಸಿ. ಮೆಹ್ತಾ ಕೇಸಲ್ಲಿ 1991ರಲ್ಲಿ ಸುಪ್ರೀಂ ಕೋರ್ಟೇ ಹೇಳಿ ಬಂದ ವಿಷ್ಯ ಅದು, ನಾವೆಲ್ಲಾ ಹಿಂದಿನ ರಾತ್ರಿ ಗೈಡ್ ಓದಿ ಪಾಸಾದ್ವಿ. ಹೊರಗೆ ಕರ್ಕೊಂಡು ಹೋಗದೇ ಹೋದ್ರೆ ಎಂಬಿಎನೂ ಅಷ್ಟೇ.

ಕೊನೆಗೆ ಅಕ್ಕನ ಮನೇಲಿ ಏನಾಯ್ತು ಅಂದ್ರೆ, ಸಿಇಟಿ ಸೀಟಿಗೆ ಕೋರ್ಸ್ ಆರಿಸೋ ಆಪ್ಷನ್ ಎಂಟ್ರೀಲಿ ಮೊದಲು ಜಿಕೆವಿಕೆ ಅಗ್ರಿ, ಆಮೇಲೆ ಸಿರ್ಸಿ ಫಾರೆಸ್ಟ್ರಿ, ಮೂರನೇದಕ್ಕೆ ಎಲೆಕ್ಟ್ರಿಕಲ್ ಹಾಕೋದು ಅಂತ ಆಗಿದೆ. ಭಾವ ನಾಲ್ಕನೇದಕ್ಕೆ ಕಂಪ್ಯೂಟರ್ ಸೈನ್ಸ್ ಸೇರಿಸಿದ್ದಾರೆ, ನಾವ್ಯಾರೂ ನೋಡಿಲ್ಲ ಅಂದ್ಕೊಂಡಿದ್ದಾರೆ. ಐಟಿಐ ಹುಡುಗ ಸೋಮವಾರ ಬೆಳಗ್ಗೆ ಏಳಕ್ಕೇ ನಮ್ಮ ಆಫೀಸ್ ಮುಂದೆ ನಿಂತಿದ್ದ, ಅವರ ಮನೆ ಬೆಸ್ಕಾಂ ಬಿಲ್ ಕೈಲಿ ಹಿಡ್ಕೊಂಡು. ಅಜ್ಜಿ ಈಗ ದಿನಾ ಸಂಜೆ ಮೂರು ಡಬ್ಬ ತೆಗೆದು ಹುಡುಗಿ ಮುಂದೆ ಇಡ್ತಿದಾರಂತೆ, ನಿನ್ನೆ ಸಾಮೆ ಗುರುತು ಸಿಕ್ತಂತೆ, ಹಾರಕ ಇನ್ನೂ ಇಲ್ಲ.